ಮಸಿ ತೊಳೆದ ಮುಖ

ಮುತ್ತಿಯ ಹಿಮ್ಮಡಿ ಬಿಳಿಚಿ ಸುಲಿದಿತ್ತು. ಬೆರಳ ಸಂದು ಕೊಳೆತು ವಾಸನೆ ಹೊಡೆಯುತ್ತಿತ್ತು. ಮೊಣಕಾಲಿನ ಕೆಳಗೆಲ್ಲ ಜಿಗಣೆ ಕಚ್ಚಿದ ಕಲೆ, ಕಲೆಯ ಮೇಲೆ ಇನ್ನೊಂದು ಕಲೆ. ಸರ್ಕಾರದ ಕರೆಂಟು ಆ ಎರಡು ಕಾಲುಗಳ ಮೇಲೆ ನಿಂತಿತ್ತು. ಹಾಗೆಂದು ಯಾರೂ ಎಲ್ಲೂ ಹೇಳುತ್ತಿರಲಿಲ್ಲ.

ಶ್ರೀಮಂಗಲ ದಾಟಿ ಕಾಡಿನ ಕಡೆ ಹೋದರೆ, ನಾಣಯ್ಯನವರ ಕಾಫಿ ತೋಟ ಮುಗಿಯುವಲ್ಲಿ ಒಂದು ಹೊಳೆ. ಹೊಳೆಗೆ ಅಡ್ಡಲಾಗಿ ಹೊಸ ಕಟ್ಟೆ. ಕಟ್ಟೆಯಿಂದ ಗುಡ್ಡದ ಪಕ್ಕೆ ಹಿಡಿದು ಬರುವ ಕಾಲುವೆ. ಕಾಲುವೆಯ ತುದಿಗೆ ಕಲ್ಲಿನ ತೊಟ್ಟಿ. ಆ ತೊಟ್ಟಿಯಿಂದ ದಪ್ಪ ಕಬ್ಬಿಣದ ಕೊಳವೆಯಲ್ಲಿ ನೀರು ಕೆಳಕ್ಕೆ ಬಿದ್ದು ಪವರ್ ಹೌಸಿನ ಚಕ್ರ ತಿರುಗಿಸುತ್ತದೆ. ಕೊಳವೆಯ ಬಾಯಿಗೆ ಕಬ್ಬಿಣದ ಜಾಲರಿ. ಹೊಳೆ ತಂದ ಎಲೆ, ಕಡ್ಡಿ, ಸತ್ತ ಹಾವು ಎಲ್ಲವೂ ಬಂದು ಆ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಮೆತ್ತಿದ್ದನ್ನು ಸೊಂಟದ ನೀರಿನಲ್ಲಿ ನಿಂತು ಕೈಯಿಂದ ಕೀಳಬೇಕು. ಕೀಳದಿದ್ದರೆ ಕೊಳವೆಗೆ ನೀರಿಲ್ಲ, ಬಲ್ಬಿಗೆ ಬೆಳಕಿಲ್ಲ. ಚಕ್ರವನ್ನು ಪರೀಕ್ಷೆಗೆಂದು ತಿರುಗಿಸಿದ ದಿನದಿಂದ ಆ ನೀರಿನಲ್ಲಿ ನಿಂತವಳು ಮುತ್ತಿ. ಇದರಲ್ಲಿ ಯಾರಿಗೂ ಗೊತ್ತಿಲ್ಲದ ವಿದ್ಯೆ ಏನೂ ಇರಲಿಲ್ಲ. ಇಳಿಯಲು ಬೇರೆ ಯಾರೂ ತಯಾರಿರಲಿಲ್ಲ, ಅಷ್ಟೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ಬಯಲಿನಲ್ಲಿ ಒಂದು ಸಭೆ ನಡೆದಿತ್ತು. ಮೈಸೂರಿನಿಂದ ಬಂದ ಅಧಿಕಾರಿಯೊಬ್ಬರು ಸರ್ಕಾರದ ಆರ್ಡರ್ ಓದಿದರು. ಓವರ್‌ಸಿಯರ್ ಸಣ್ಣಸ್ವಾಮಿ ಅದನ್ನು ಎಲ್ಲರಿಗೂ ತಿಳಿಯುವ ಹಾಗೆ ಕೂಗಿ ಹೇಳಿದ. ಇದು ಹೊಗೆಯಿಲ್ಲದ ಕರೆಂಟು. ಕಲ್ಲಿದ್ದಲು ಬೇಡ, ಎಣ್ಣೆ ಬೇಡ, ಯಾರ ಎದೆಗೂ ಮಸಿ ಹೋಗುವುದಿಲ್ಲ. ಇದನ್ನು ಕಟ್ಟಿದ ಕೈಗಳಿಗೇ ಇದರಲ್ಲಿ ಕಾಯಂ ನೌಕರಿ. ಖಾಕಿ ಬಟ್ಟೆ. ಕಾಯಿಲೆ ಬಿದ್ದರೆ ರಜೆ. ಇರಲು ಇಲಾಖೆಯ ಮನೆ. ಜಾತಿ ಕೇಳುವುದಿಲ್ಲ, ಹೆಂಗಸು ಗಂಡಸು ಎಂದು ನೋಡುವುದಿಲ್ಲ.

ಬಯಲಿನ ಅಂಚಿನಲ್ಲಿ, ಬೇಲಿಗೆ ಒತ್ತಿಕೊಂಡು, ನಾಣಯ್ಯನವರ ತೋಟದಲ್ಲಿ ದುಡಿಯುವ ಕಾಡಿನ ಜನ ಎರವರು ನಿಂತಿದ್ದರು. ಮುತ್ತಿ ಅವರ ನಡುವೆ ಇದ್ದಳು. ಅಷ್ಟೆಲ್ಲ ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ. ಮನೆ. ನಾಣಯ್ಯನವರ ಲೈನಿನಿಂದ ಹೊರಗೆ ಒಂದು ಮನೆ.

ಲೈನು ಎಂದರೆ ಒಂದಕ್ಕೊಂದು ಅಂಟಿದ ಕೋಣೆಗಳ ಸಾಲು. ಮುತ್ತಿ ಹುಟ್ಟಿದ್ದು ಅಲ್ಲಿ, ಅವಳ ತಾಯಿ ಸತ್ತದ್ದು ಅಲ್ಲಿ. ಲೈನಿನಲ್ಲಿ ಹುಟ್ಟಿದವರೆಲ್ಲ ನಾಣಯ್ಯನವರ ಆಳುಗಳು. ಬೇರೆ ತೋಟಕ್ಕೆ ಹೋದವರನ್ನು ತೋಟದ ಲೆಕ್ಕ ಬರೆಯುವ ರೈಟರ್ ದೇರಪ್ಪ ಹೋಗಿ ಹಿಡಿದು ತರುತ್ತಿದ್ದ. ತಪ್ಪಿಸಿಕೊಂಡ ಹಸುವನ್ನು ತಂದ ಹಾಗೆ ಹಗ್ಗ ಹಾಕಿಯೇ ತರುತ್ತಿದ್ದ. ಜ್ವರ ಬಂದು ಮಲಗಿದರೆ ಬಾಗಿಲಿಗೆ ಒದೆಯುತ್ತಿದ್ದ. ಮುತ್ತಿಯ ಬಾಗಿಲಿಗೆ ಚಿಲಕ ಇರಲಿಲ್ಲ. ಒಳಗಿನಿಂದ ಹಾಕಿಕೊಳ್ಳುವ ಚಿಲಕವಿರುವ ಒಂದು ಬಾಗಿಲು ಅವಳಿಗೆ ಬೇಕಿತ್ತು.

ಅದಕ್ಕಾಗಿ ಅವಳು ಕಲ್ಲು ಹೊತ್ತಳು. ಕಟ್ಟೆ ಏಳುವವರೆಗೆ ಹೊತ್ತಳು, ಕಾಲುವೆ ಮುಗಿಯುವವರೆಗೆ ಹೊತ್ತಳು. ನೆತ್ತಿಯ ಕೂದಲು ಉದುರಿ ಅಲ್ಲೊಂದು ಬೋಳು ಬಿಲ್ಲೆ ಆಯಿತು. ಅವಳ ಗಂಡ ಬೊಳಕ ಕೊಳವೆ ಎಳೆಯುವ ಗುಂಪಿನಲ್ಲಿದ್ದ. ಮಳೆಯಲ್ಲಿ ಗುಡ್ಡದ ಮೇಲೆ ಹಗ್ಗ ಜಾರಿತು. ಕೊಳವೆ ಉರುಳಿ ಬೊಳಕನ ಬಲ ಮೊಣಕಾಲನ್ನು ಪುಡಿ ಮಾಡಿತು. ಅವನನ್ನು ಕಂಬಳಿಯಲ್ಲಿ ಹೊತ್ತು ತಂದು ಲೈನಿನಲ್ಲಿ ಹಾಕಿದರು. ದೇರಪ್ಪ ಬಂದು ನೋಡಿ, "ಇನ್ನು ಇವ ಎಂತಕ್ಕೆ ಆದಾನು" ಎಂದು ಹೇಳಿ ಹೋದ. ಬೊಳಕನ ಜಾಗಕ್ಕೂ ಮುತ್ತಿಯೇ ಹೋದಳು.

ಕೆಲಸ ಮುಗಿಯಿತು. ಖಾಕಿ ಬಟ್ಟೆ ಬಂತು. ದೇರಪ್ಪನ ಭಾವ ಒಂದನ್ನು ತೊಟ್ಟ. ದೇರಪ್ಪನ ಅಕ್ಕನ ಮಗ ಇನ್ನೊಂದನ್ನು ತೊಟ್ಟ. ಮೂರ್ನಾಡಿನಿಂದ ಬಂದ, ಹೊಳೆಯ ಮುಖವನ್ನೇ ನೋಡದಿದ್ದ ಇಬ್ಬರು ಮಿಕ್ಕವನ್ನು ತೊಟ್ಟರು. ಇಲಾಖೆಯ ಮನೆಗಳಲ್ಲಿ ಅವರ ಒಲೆ ಉರಿಯಿತು. ಎರವರಿಗೆ ಲೈನಿಗೆ ವಾಪಸು ನಡೆಯಿರಿ ಎಂದರು. ಜಾಲರಿಯ ಕೆಲಸ ಮಾತ್ರ ಮುತ್ತಿಗೆ ಬಿಟ್ಟರು. ಖಾಕಿ ತೊಟ್ಟವರಿಗೆ ಆ ನೀರು ಆಗುತ್ತಿರಲಿಲ್ಲ.

ಮುತ್ತಿ ಒದ್ದೆ ಸೀರೆಯಲ್ಲೇ ಸಣ್ಣಸ್ವಾಮಿಯ ಮುಂದೆ ಹೋಗಿ ನಿಂತಳು. ಸಣ್ಣಸ್ವಾಮಿ ಕೆಟ್ಟವನಲ್ಲ. ಕುಶಾಲನಗರದ ಕಡೆ ಬಂದು ನೆಲೆಸಿದ ಒಕ್ಕಲು ಮನೆತನದವನು, ಯಾರಿಗೂ ಏರು ದನಿಯಲ್ಲಿ ಮಾತಾಡಿದವನಲ್ಲ. ಅಂಥವನ ಕೈಯಿಂದ ಆಗುವ ಅನ್ಯಾಯ ಇನ್ನೂ ಉರಿಸುತ್ತದೆ.

"ಆರ್ಡರ್ ಇರೋದು ನಿಜ ಕಣವ್ವ" ಎಂದ ಅವನು. "ಸುಳ್ಳು ಹೇಳಕ್ಕಿಲ್ಲ. ಆದ್ರೆ ಅದು ಇಲಾಖೆ ಕೆಲ್ಸ ಮಾಡ್ದೋರಿಗೆ. ನೀವು ಇಲಾಖೆಯೋರಲ್ಲ. ನಾಣಯ್ಯನೋರು ಅವರ ಆಳುಗಳನ್ನ ನಮಗೆ ಕೊಟ್ಟಿದ್ರು. ಕೆಲ್ಸ ಆಯ್ತು, ವಾಪಸ್ ತಗೊಂಡ್ರು."

"ನಾವೆಂತ ಹಾರೆಯಾ ಸಾಮಿ? ಕೊಡುದು, ತಕ್ಕೊಳ್ಳುದು?"

"ನಾನೇನ್ ಮಾಡ್ಲಿ ಹೇಳು."

"ಕಲ್ಲು ಹೊತ್ತದ್ದು ನನ್ನ ತಲೆ. ನಾಣಯ್ಯನ ತಲೆ ಅಲ್ಲ."

ಸಣ್ಣಸ್ವಾಮಿ ಆಚೀಚೆ ನೋಡಿದ. "ಹಂಗೆಲ್ಲ ಹೆಸರು ಹಿಡಿದು ಅನ್ಬಾರ್ದವ್ವ. ಹೋಗು, ಎಲೆ ಕಟ್ಕೊಂಡೈತೆ" ಎಂದ. ಮುತ್ತಿ ಹೋದಳು. ನೀರಿಗಿಳಿದು ಕೈ ಮರಗಟ್ಟುವವರೆಗೆ ಎಲೆ ಕಿತ್ತಳು.

ಆ ಸಂಜೆ ಲೈನಿನ ಅಂಗಳದಲ್ಲಿ ಚಾತ ಒಂದು ದಾರಿ ಹೇಳಿದ. ಚಾತ ಬೊಳಕನ ಸೋದರಮಾವ, ಲೈನಿನಲ್ಲಿ ಎಲ್ಲರಿಗಿಂತ ಹಿರಿಯ.

"ಕುಂಡೆ ಹಬ್ಬ ಬಂತಲ್ಲ" ಎಂದ ಚಾತ. "ಆ ದಿವಸ ಹೇಳುವ. ಆ ದಿವಸ ಎಂತ ಹೇಳಿದ್ರೂ ಅವರು ಸಿಟ್ಟು ಮಾಡುವ ಹಾಗಿಲ್ಲ. ಕೇಳಲೇಬೇಕು. ದೇವರೇ ಕೇಳ್ತದೆ, ನಾಣಯ್ಯ ಯಾವ ಲೆಕ್ಕ?"

ಮಳೆ ಹಿಡಿಯುವ ಮುಂಚೆ, ವರ್ಷಕ್ಕೊಂದು ದಿನ, ಎರವರಿಗೂ ಕುರುಬರಿಗೂ ಬಾಯಿ ಬರುತ್ತದೆ. ಅವತ್ತು ಗಂಡಸರು ಹೆಂಗಸರ ಬಟ್ಟೆ ಉಡುತ್ತಾರೆ. ಮುಖಕ್ಕೆ ಮಸಿ, ಸೊಂಟಕ್ಕೆ ಸೊಪ್ಪು, ಕೈಯಲ್ಲಿ ಒಣ ಸೋರೆಬುರುಡೆ, ತಗಡಿನ ಡಬ್ಬ. ದಾರಿಗೆ ಅಡ್ಡ ನಿಂತು ಸಿಕ್ಕಿದವರನ್ನೆಲ್ಲ ಬಯ್ಯುತ್ತಾರೆ. ಸಾವುಕಾರನನ್ನು, ಪೊಲೀಸಿನವನನ್ನು, ಕೊನೆಗೆ ದೇವರನ್ನೂ ಬಿಡುವುದಿಲ್ಲ. ಬಯ್ಗುಳವೆಂದರೆ ಸಾಮಾನ್ಯದ್ದಲ್ಲ, ಕುಂಡೆಯಿಂದ ಶುರುವಾಗಿ ಅದರ ಸುತ್ತಮುತ್ತಲೇ ತಿರುಗುತ್ತದೆ. ಬಯ್ಯಿಸಿಕೊಂಡವರು ನಗಬೇಕು, ನಕ್ಕು ಒಂದು ಕಾಸು ಹಾಕಬೇಕು. ಸಂಜೆ ಎಲ್ಲರೂ ದೇವರ ಮುಂದೆ ಉದ್ದಕ್ಕೆ ಬಿದ್ದು, ಬಾಯಿ ತಪ್ಪಾಯ್ತು ಎಂದು ಕೇಳಿಕೊಳ್ಳುತ್ತಾರೆ. ಅಲ್ಲಿಗೆ ಅವತ್ತಿನ ಮಾತು ಮುಗಿಯುತ್ತದೆ. ಹೀಗೆ ಎಷ್ಟೋ ತಲೆಮಾರಿನಿಂದ ನಡೆದು ಬಂದಿದೆ.

ಚಾತನ ಮಾತು ಎಲ್ಲರಿಗೂ ಸರಿ ಕಂಡಿತು. ಮುತ್ತಿಗೂ ಕಂಡಿತು. ಕೇಳಲೇಬೇಕಾದ ದಿನ ಎಂದು ಇರುವುದು ಅದೊಂದೇ ಅಲ್ಲವೆ? ಅವಳು ಪದ ಕಟ್ಟಿದಳು. ಕಲ್ಲು ಹೊರುವಾಗ ಹೇಳಿಕೊಳ್ಳುತ್ತಿದ್ದ ಧಾಟಿಗೇ ಕಟ್ಟಿದಳು.

ಹಬ್ಬದ ದಿನ ನಾಣಯ್ಯನವರ ಜೀಪು ಬಂತು. ಪಕ್ಕದಲ್ಲಿ ಸಣ್ಣಸ್ವಾಮಿ ಕೂತಿದ್ದ. ಲೈನಿನವರೆಲ್ಲ ಜೀಪಿಗೆ ಅಡ್ಡ ನಿಂತರು. ಡಬ್ಬ ಬಡಿದರು. ಮುತ್ತಿ ಮಸಿ ಮೆತ್ತಿದ ಮುಖ ಎತ್ತಿ ಗಂಟಲು ಹರಿಯುವ ಹಾಗೆ ಕೂಗಿದಳು:

"ನಾಣಯ್ಯ ನಾಣಯ್ಯ, ನಿನ್ನ ಕುಂಡೆಗೆ ಬೆಂಕಿ! ಬೊಳಕನ ಕಾಲು ಎಲ್ಲಿಟ್ಟೆ? ನನ್ನ ಕೆಲಸ ಯಾರಿಗೆ ಮಾರಿದೆ? ಸರ್ಕಾರ ಕೊಟ್ಟ ಮನೆಯಲ್ಲಿ ನಿನ್ನ ರೈಟರನ ಭಾವ ಕುಂಡೆ ಊರಿ ಕೂತ!"

ನಾಣಯ್ಯನವರು ತೊಡೆ ತಟ್ಟಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೋಡಿ ಓವರ್‌ಸಿಯರ್ರೆ, ಈ ವರ್ಷ ಹೊಸ ಪದ ಕಟ್ಟಿದ್ದಾವೆ. ನಿಮ್ಮ ಸರ್ಕಾರವೂ ಬಂತು ಅದರಲ್ಲಿ" ಎಂದರು. ಸಣ್ಣಸ್ವಾಮಿಯೂ ಕರ್ಚೀಫಿನಿಂದ ಕಣ್ಣೊರೆಸಿಕೊಂಡ. ಮುತ್ತಿಯ ಕೈಯ ಸೋರೆಬುರುಡೆಗೆ ಒಂದು ರೂಪಾಯಿ ಬಿತ್ತು. ಜೀಪು ಹೋಯಿತು. ಕೇಳಿಸಿಕೊಂಡ್ರು, ಚೆನ್ನಾಗಿ ಕೇಳಿಸಿಕೊಂಡ್ರು ಎಂದು ಚಾತ ಕುಣಿದ. ಸಂಜೆ ಎಲ್ಲರೂ ದೇವರ ಮುಂದೆ ಬಿದ್ದರು. ಮುತ್ತಿಯೂ ಬಿದ್ದಳು. ನೆಲಕ್ಕೆ ಹಣೆ ಒತ್ತಿ, ಬಾಯಿ ತಪ್ಪಾಯ್ತು ಎಂದಳು.

ಮಾರನೆಯ ಬೆಳಿಗ್ಗೆ ತೊಟ್ಟಿಯ ಹತ್ತಿರ ನಾಣಯ್ಯನವರೂ ಸಣ್ಣಸ್ವಾಮಿಯೂ ಬಂದರು. ಕರೆಂಟಿನ ಉದ್ಘಾಟನೆಗೆ ಪೆಂಡಾಲು ಎಲ್ಲಿ ಹಾಕಬೇಕೆಂದು ನೋಡುತ್ತಿದ್ದರು. ಮುತ್ತಿ ನೀರಿನಲ್ಲಿದ್ದಳು. ಅಲ್ಲಿಂದಲೇ ಕೇಳಿದಳು.

"ನಿನ್ನೆ ಹೇಳಿದ್ದೆನಲ್ಲ ಸಾಮಿ. ಎಂತ ಮಾಡಿದ್ರಿ?"

ಸಣ್ಣಸ್ವಾಮಿಗೆ ಅರ್ಥವೇ ಆಗಲಿಲ್ಲ. "ಏನವ್ವ ಹೇಳಿದ್ದು?"

"ನನ್ನ ಕೆಲ್ಸ. ಮನೆ."

"ಅಯ್ಯೋ, ಅದು ಹಬ್ಬದ ಮಾತಲ್ವೇನವ್ವ?"

ನಾಣಯ್ಯನವರು ಮಾತ್ರ ಅರ್ಥ ಮಾಡಿಕೊಂಡರು. ತೊಟ್ಟಿಯ ದಂಡೆಗೆ ಬಂದು, ಬಗ್ಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. "ನಿನ್ನೆ ದೇವರ ಮುಂದೆ ತಪ್ಪಾಯ್ತು ಅಂದವಳು ನೀನೇ ಅಲ್ವಾ? ಅಲ್ಲಿಗೆ ಮುಗೀತು. ನಾನೂ ಮನಸ್ಸಲ್ಲಿ ಇಟ್ಟುಕೊಳ್ಳಲಿಲ್ಲ. ಕ್ಷಮಿಸಿದ್ದೇನೆ. ಕೆಲಸ ನೋಡು."

ಅವರು ಹೋದ ಮೇಲೂ ಮುತ್ತಿಯ ಕೈ ಜಾಲರಿಯ ಮೇಲೇ ಇತ್ತು. ಕೊಟ್ಟ ಮಾತನ್ನು ತಿಂದವರು ಅವರು. ಕ್ಷಮೆ ಕೇಳಿದವಳು ತಾನು. ತನ್ನ ಕೆಲಸ, ತನ್ನ ಮನೆ, ಗಂಡನ ಕಾಲು, ಇವುಗಳನ್ನು ಕೇಳಿದ್ದಕ್ಕೆ ತಾನೇ ಹಣೆ ನೆಲಕ್ಕೆ ಒತ್ತಿ ತಪ್ಪಾಯ್ತು ಎಂದು ಬಂದಿದ್ದಳು. ವರ್ಷವೆಲ್ಲ ಬಾಯಿ ಮುಚ್ಚಿಸಿ ಒಂದು ದಿನ ಬಿಚ್ಚಲು ಬಿಡುವುದು ಯಾಕೆಂದು ಅವಳಿಗೆ ಅವತ್ತು ಸ್ಪಷ್ಟವಾಯಿತು. ಆ ದಿನದ ಸಿಟ್ಟು ಅವರಿಗೆ ತಮಾಷೆ. ನೋಡಿ, ನಕ್ಕು, ಕಾಸು ಹಾಕಿ ಹೋಗುತ್ತಾರೆ.

ಲೈನಿಗೆ ಬಂದವಳೇ ಬೊಳಕನ ಮುಂದೆಯೂ ಚಾತನ ಮುಂದೆಯೂ ಕೂತಳು.

"ಮಾವ, ನಾವು ಪೆದ್ದು ಕೆಲಸ ಮಾಡಿದ್ದು" ಎಂದಳು. "ಮಸಿ ಮೆತ್ತಿಕೊಂಡು ಹೇಳಬಾರದಿತ್ತು. ಮುಖ ತೊಳೆದುಕೊಂಡು ಹೇಳಬೇಕು. ಹಬ್ಬ ಇಲ್ಲದ ದಿವಸ ಹೇಳಬೇಕು."

"ಹಬ್ಬ ಇಲ್ಲದ ದಿವಸ ಬಾಯಿ ಬಿಟ್ರೆ ಹೊಡೀತಾರೆ" ಎಂದ ಚಾತ.

"ಹೊಡೀಲಿ. ಹೊಡೆದ್ರೆ ಕೇಳಿಸಿತು ಅಂತ ಗೊತ್ತಾಗ್ತದೆ."

ಬೊಳಕ ತನ್ನ ಒಣಗಿದ ಕಾಲನ್ನು ನೀವಿಕೊಳ್ಳುತ್ತಿದ್ದ. "ಲೈನಿಂದ ಓಡಿಸ್ತಾರೆ ಮುತ್ತಿ. ಈ ಕಾಲಲ್ಲಿ ನಾನು ಎಲ್ಲಿಗೆ ಓಡಲಿ?"

ಮುತ್ತಿ ಎದ್ದು ಒಲೆಯ ಮೇಲಿನ ಮಡಕೆ ಇಳಿಸಿದಳು. ಮಡಕೆಯನ್ನು ಅಂಗಳದಲ್ಲಿಟ್ಟು ಬಂದು, "ಅವರು ಓಡಿಸುವ ಮೊದ್ಲು ನಾವೇ ಹೊರಡುವ. ಆಮೇಲೆ ಎಂತ ಹೆದರಿಕೆ ಹಾಕ್ತಾರೆ?" ಎಂದಳು. ಬೊಳಕ ಅವಳ ಮುಖ ನೋಡಿದ. ಆಮೇಲೆ ತನ್ನ ಕಂಬಳಿಯನ್ನು ತಾನೇ ಸುತ್ತಿದ. ಪಕ್ಕದ ಕೋಣೆಗಳಲ್ಲಿ ಗುಸುಗುಸು ನಡೆಯಿತು. ಕೆಲವರು ಬೈದರು, ಕೆಲವರು ಅತ್ತರು. ಉದ್ಘಾಟನೆಯ ದಿನ ಬರುವ ಹೊತ್ತಿಗೆ ಅತ್ತವರೂ ಬೈದವರೂ ತಂತಮ್ಮ ಚಾಪೆ ಸುತ್ತಿಟ್ಟಿದ್ದರು.

ಮಳೆ ಹಿಡಿದಿತ್ತು. ಮಧ್ಯಾಹ್ನವೇ ಸಂಜೆಯ ಹಾಗೆ ಕತ್ತಲಾಗಿತ್ತು. ಕೆಳಗೆ ಪವರ್ ಹೌಸಿನ ಮುಂದೆ ತಗಡಿನ ಪೆಂಡಾಲು, ಪೆಂಡಾಲಿನ ತುಂಬ ಬಲ್ಬಿನ ಸರ. ಮೈಸೂರಿನಿಂದ ದೊಡ್ಡ ಇಂಜಿನಿಯರ್ ಬಂದಿದ್ದರು. ಗುಂಡಿ ಒತ್ತಿದರು, ಬಲ್ಬುಗಳು ಹತ್ತಿದವು, ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮೇಲೆ ತೊಟ್ಟಿಯವರೆಗೆ ಕೇಳಿಸಿತು.

ತೊಟ್ಟಿಯ ದಂಡೆಯ ಮೇಲೆ ಮುತ್ತಿ ಕೂತಿದ್ದಳು. ಮುಖ ತೊಳೆದುಕೊಂಡಿದ್ದಳು, ತಲೆ ಬಾಚಿ ಗಂಟು ಹಾಕಿದ್ದಳು. ಒಣ ಸೀರೆ ಉಟ್ಟು, ಮಳೆಗೆ ಎಲೆಯ ಗೊರಬೆ ಹೊದ್ದಿದ್ದಳು. ಅವಳ ಹಿಂದೆ ಕಾಲುವೆಯ ಏರಿಯುದ್ದಕ್ಕೂ ಲೈನಿನವರು ನಿಂತಿದ್ದರು. ಮಡಕೆ, ಚಾಪೆ, ಕೋಳಿ, ಮಕ್ಕಳು ಎಲ್ಲ ಅಲ್ಲಿಯೇ. ಹೊಳೆ ಕೆಂಪಗೆ ಉಕ್ಕಿ ಕಾಡಿನ ಎಲೆಯನ್ನೆಲ್ಲ ಬಾಚಿ ತರುತ್ತಿತ್ತು. ಜಾಲರಿಯ ಕೆಳಗಿನ ಕಂಬಿ ಮುಚ್ಚಿತು. ನಡುವಿನದು ಮುಚ್ಚಿತು. ಮುತ್ತಿ ನೋಡುತ್ತ ಕೂತಳು.

ಕೆಳಗೆ ಬಲ್ಬುಗಳು ಮಂಕಾಗಿ ಕೆಂಪಗಾದವು. ದೇರಪ್ಪ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ.

"ಏ ಮುತ್ತಿ! ಕಣ್ಣು ಕಾಣುದಿಲ್ವಾ? ಇಳಿ!"

"ಇಳಿಯುದಿಲ್ಲ."

ದೇರಪ್ಪ ಅವಳ ತುರುಬಿಗೆ ಕೈ ಹಾಕಿ ನೀರಿನ ಕಡೆ ಎಳೆದ. ಮುತ್ತಿ ದಂಡೆಯ ಕಬ್ಬಿಣದ ಗೂಟವನ್ನು ತಬ್ಬಿ ಹಿಡಿದಳು. ಕೂದಲು ಕಿತ್ತು ಬಂತು, ಅವಳು ಬರಲಿಲ್ಲ. ಬೊಳಕ ಕುಂಟುತ್ತ ಬಂದು ತನ್ನ ಊರುಗೋಲನ್ನು ದೇರಪ್ಪನ ಎದೆಗೆ ಒತ್ತಿ ನಿಂತ. ಏರಿಯ ಮೇಲಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ದೇರಪ್ಪ ಕೂದಲು ಬಿಟ್ಟ. ಖಾಕಿ ತೊಟ್ಟ ಭಾವನನ್ನು ಕೂಗಿ ಕರೆದು ನೀರಿಗೆ ಇಳಿಸಿದ. ಭಾವ ಎರಡು ಬೊಗಸೆ ಎಲೆ ಎತ್ತಿದ. ಅಷ್ಟರಲ್ಲಿ ತೊಡೆಗೆ ಜಿಗಣೆ ಹತ್ತಿತು. ಕೊಳವೆಯ ಸೆಳೆತಕ್ಕೆ ಕಾಲು ಜಾರಿತು. ಅಯ್ಯಯ್ಯೋ ಎಂದು ಕೂಗುತ್ತ ದಂಡೆಗೆ ಬಿದ್ದವನು ಮತ್ತೆ ಇಳಿಯಲು ಒಪ್ಪಲಿಲ್ಲ. ಕೆಳಗೆ ಬಲ್ಬುಗಳು ಆರಿಹೋದವು.

ಕೊಡೆಗಳು ಗುಡ್ಡ ಹತ್ತಿ ಬಂದವು. ದೊಡ್ಡ ಇಂಜಿನಿಯರ್, ನಾಣಯ್ಯನವರು, ಹಿಂದೆ ಸಣ್ಣಸ್ವಾಮಿ. ನಾಣಯ್ಯನವರ ಮುಖದಲ್ಲಿ ನಗು ಇರಲಿಲ್ಲ.

"ಎಂತ ಇದು? ಕುಂಡೆ ಹಬ್ಬ ಇನ್ನೂ ಮುಗಿಯಲಿಲ್ವಾ ನಿಮಗೆ?"

"ಮುಗಿಯಿತು" ಎಂದಳು ಮುತ್ತಿ. "ಅದಕ್ಕೇ ಮುಖ ತೊಳೆದು ಬಂದದ್ದು. ಇವತ್ತು ಬಯ್ಯುದಿಲ್ಲ. ತಪ್ಪಾಯ್ತು ಅಂತಲೂ ಹೇಳುದಿಲ್ಲ."

"ನಾಲಿಗೆ ಬಿಗಿ ಹಿಡಿ. ಸಂಜೆಯೊಳಗೆ ಲೈನು ಖಾಲಿ ಮಾಡಿಸ್ತೇನೆ!"

"ಮಾಡಿ ಆಯ್ತು. ಬಾಗಿಲು ತೆರೆದೇ ಉಂಟು, ಹೋಗಿ ನೋಡಿ."

ಆಗ ನಾಣಯ್ಯನವರು ಏರಿಯ ಮೇಲಿನ ಮಡಕೆಗಳನ್ನು ನೋಡಿದರು. ಹೆದರಿಸಲು ಅವರ ಹತ್ತಿರ ಇದ್ದದ್ದು ಆ ಲೈನೊಂದೇ.

ದೊಡ್ಡ ಇಂಜಿನಿಯರಿಗೆ ಇದೆಲ್ಲ ಹೊಸತು. "ಯಾರೀಕೆ? ಏನು ಬೇಕಂತೆ?" ಎಂದು ಸಣ್ಣಸ್ವಾಮಿಯನ್ನು ಕೇಳಿದರು. ಸಣ್ಣಸ್ವಾಮಿ ಬಾಯಿ ತೆರೆಯುವ ಮೊದಲು ಮುತ್ತಿ ಎದ್ದು ನಿಂತಳು. ಅಂಥವರ ಮುಂದೆ ಅಷ್ಟು ಹತ್ತಿರ ಅವಳು ಎಂದೂ ನಿಂತವಳಲ್ಲ.

"ನಾನು ಮುತ್ತಿ. ಈ ಕಾಲುವೆಯ ಕಲ್ಲು ಹೊತ್ತವಳು. ಇವ ಬೊಳಕ, ನನ್ನ ಗಂಡ. ಇವನ ಕಾಲು ನಿಮ್ಮ ಕೊಳವೆಯ ಅಡಿಯಲ್ಲಿ ಹೋದದ್ದು. ಕಟ್ಟಿದವರಿಗೆ ಕೆಲಸ, ಮನೆ ಅಂತ ನಿಮ್ಮವರೇ ಶಾಲೆ ಬಯಲಲ್ಲಿ ಹೇಳಿದ್ದು. ಇವರು ಕೂಗಿದ್ದು." ಅವಳು ಸಣ್ಣಸ್ವಾಮಿಯ ಕಡೆ ಕೈ ತೋರಿಸಿದಳು. "ಈಗ ನಮ್ಮನ್ನು ಎರವಲು ತಂದದ್ದು ಅಂತಾರೆ. ನಾವು ಯಾರ ಎರವಲೂ ಅಲ್ಲ. ಕೆಲಸ ನನ್ನದು. ಕೊಡಿ."

"ಹೌದೇನ್ರೀ?" ಎಂದು ದೊಡ್ಡ ಇಂಜಿನಿಯರ್ ಕೇಳಿದರು. ಸಣ್ಣಸ್ವಾಮಿ ಕೊಡೆಯ ಹಿಡಿಯನ್ನು ತಿರುವುತ್ತ ನಿಂತ. ನಾಣಯ್ಯನವರನ್ನು ನೋಡಿದ, ನೆಲ ನೋಡಿದ. ಕೊನೆಗೆ, "ಹೌದು ಸಾರ್. ಇವರೇ ಕಟ್ಟಿದ್ದು" ಎಂದ. ಅಷ್ಟು ಹೇಳಲು ಅವನಿಗೆ ಇಷ್ಟು ದಿನ ಬೇಕಾಯಿತು.

ಕೆಳಗೆ ಪೆಂಡಾಲಿನಲ್ಲಿ ಜನ ಗಲಾಟೆ ಮಾಡುತ್ತಿದ್ದರು. ಯಾರೋ ಲಾಟೀನು ತರಲು ಓಡುತ್ತಿದ್ದರು. ತೊಟ್ಟಿ ತುಂಬಿ ನೀರು ದಂಡೆಯ ಮೇಲೆ ಹರಿದು ದೊಡ್ಡ ಇಂಜಿನಿಯರ ಬೂಟು ನೆನೆಸಿತು. ಅವರು ಒಂದು ಹೆಜ್ಜೆ ಹಿಂದೆ ಸರಿದು, ದನಿ ಮೆತ್ತಗೆ ಮಾಡಿದರು.

"ನೋಡಮ್ಮ, ನಿನ್ನ ಮಾತು ಕೇಳಿಸಿಕೊಂಡೆ. ನ್ಯಾಯವಾಗಿದೆ. ನಾಳೆ ಕೂತು ನಿನ್ನ ಹೆಸರಿಗೆ ಆರ್ಡರ್ ಮಾಡಿಸುತ್ತೇನೆ. ಇದು ನನ್ನ ಮಾತು. ಈಗ ಅಷ್ಟು ಜನ ಕತ್ತಲಲ್ಲಿ ಕಾಯುತ್ತಿದ್ದಾರೆ. ನೀರಿಗೆ ಇಳಿ."

ಏರಿಯ ಮೇಲಿದ್ದವರೆಲ್ಲ ಮುತ್ತಿಯ ಮುಖ ನೋಡಿದರು. ಚಾತ ಕೈ ಮುಗಿಯಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ. ಮುತ್ತಿ ಗೊರಬೆ ಸರಿಮಾಡಿಕೊಂಡು ಮತ್ತೆ ದಂಡೆಯ ಮೇಲೆ ಕೂತಳು. ಅವತ್ತು ತೊಟ್ಟಿಗೆ ಇಳಿಯದ ಎರಡೂ ಕಾಲನ್ನು ಮುಂದಕ್ಕೆ ಚಾಚಿದಳು.

"ಆಯ್ತು ಸಾಮಿ" ಎಂದಳು. "ಹಾಗಾದ್ರೆ ನಾಳೆ ಇಳೀತೇನೆ."